ಒತ್ತಾರೆ ಹಾಲು, ಬೈಗಿನ ಹಾಲು

ಇವತ್ತು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಸಂಪು ತೊಳೆಸಿದೆ. ರಾಗಿ ಕೇರಿ, ಕಲ್ಲು ಆರಿಸಿ ಗಿರಣಿಗೆ ಕಳಿಸಿದೆ. ನಮ್ಮ ಮನೆಯವರ ಎರಡು ಅಂಗಿಗೆ ಗುಂಡಿ ಹಾಕಿದೆ. ಕುಕ್ಕರಿನ ರಬ್ಬರು ಸಡಿಲವಾಗಿತ್ತು, ಪೇಟೆಬೀದಿಗೆ ಹೋಗಿ ಹೊಸದು ತಂದೆ. ಬರುವಾಗ ಎರಡು ಕಟ್ಟು ದಂಟಿನಸೊಪ್ಪು ಹಿಡಿದುಕೊಂಡು ಬಂದೆ. ಸೊಪ್ಪು ಬಿಡಿಸುತ್ತ ಕೂತಿದ್ದಾಗ ಫೋನು ಬಂತು.

ಮಾಡಿದವಳು ಅಶ್ವಿನಿ. ಮದ್ದೂರಿನ ಹುಡುಗಿ. ಈ ಜೂನಿನಿಂದ ಮಂಡ್ಯದಲ್ಲಿ ವಿಶ್ವವಿದ್ಯಾನಿಲಯದ ತರಗತಿಗಳಿಗೆ ಡೇಟಾಬೇಸ್ ವಿನ್ಯಾಸ ಮತ್ತು ಸಿಸ್ಟಮ್ ಅನಾಲಿಸಿಸ್ ಪಾಠ ಮಾಡಲು ಸೇರುತ್ತಾಳೆ. ನಾನು ನಿವೃತ್ತಿಯಾಗುವ ತನಕ ಆ ಎರಡೂ ನನ್ನ ಪಾಠಗಳಾಗಿದ್ದವು. ನಿಮ್ಮ ನೋಟ್ಸ್ ಇದ್ದರೆ ಕೊಡಿ ಮೇಡಂ ಎಂದು ಕೇಳಿದಳು. ನೋಟ್ಸೆಲ್ಲ ಹಳತಾದವು ಕಣಮ್ಮ, ಪುಸ್ತಕದಲ್ಲಿರುವುದು ನಿನಗೂ ಗೊತ್ತು, ಇಲ್ಲದ್ದನ್ನು ಬೇಕಾದರೆ ಬರೆದುಕೊಡುತ್ತೇನೆ ಎಂದೆ. ಸೊಪ್ಪು ಮುಗಿಸಿ, ಕೈ ತೊಳೆದುಕೊಂಡು ಬರೆಯಲು ಕೂತಿದ್ದೇನೆ. ಬಡ್ತಿ ಯಾವಾಗ ಬಂತು, ಶಾಲು ಯಾರು ಹೊದಿಸಿದರು ಎನ್ನುವುದನ್ನೆಲ್ಲ ಬಿಟ್ಟಿದ್ದೇನೆ. ಅದನ್ನು ಕಟ್ಟಿಕೊಂಡು ಅವಳಿಗೇನು ಆಗಬೇಕು?

ನಾನು ಓದಿದ್ದು ಗಣಿತ. ಕಂಪ್ಯೂಟರ್ ತರಗತಿ ಶುರುವಾದಾಗ ಪಾಠ ಹೇಳುವವರು ಸಿಕ್ಕಲಿಲ್ಲ. ವಿಭಾಗದ ಮುಖ್ಯಸ್ಥರು ದಪ್ಪ ಪುಸ್ತಕವೊಂದನ್ನು ನನ್ನ ಮೇಜಿನ ಮೇಲಿಟ್ಟು, ಲೆಕ್ಕ ಬರುವವರಿಗೆ ಇದೂ ಬರುತ್ತದೆ ಎಂದು ಹೇಳಿ ಹೋದರು. ಒಂದು ಬೇಸಿಗೆ ಪೂರ್ತಿ ನಾನೇ ವಿದ್ಯಾರ್ಥಿಯಾಗಿ ವಿಶ್ವವಿದ್ಯಾನಿಲಯದ ತರಬೇತಿಗೆ ಹೋಗಿ ಬಂದೆ. ಆ ಪುಸ್ತಕದಲ್ಲಿ ಪುಟ ತಿರುಗಿಸಿದರೆ ವಿಮಾನದ ಟಿಕೆಟ್ಟು. ಯಾವ ವಿಮಾನ, ಯಾವ ಸೀಟು, ಯಾರು ಕಾದಿರಿಸಿದರು, ಇದನ್ನೆಲ್ಲ ಕೋಷ್ಟಕಗಳಲ್ಲಿ ಹೇಗೆ ಇಡುವುದು. ನನ್ನ ತರಗತಿಯಲ್ಲಿ ವಿಮಾನ ಹತ್ತಿದವರು ಒಬ್ಬರೂ ಇರಲಿಲ್ಲ, ನಾನೂ ಹತ್ತಿರಲಿಲ್ಲ. ಎರಡನೆಯ ವರ್ಷದಿಂದ ಅದನ್ನು ಮಂಡ್ಯ–ಮಳವಳ್ಳಿ ಬಸ್ಸು ಮಾಡಿಕೊಂಡೆ. ಸೀಟು ಕಾದಿರಿಸುವುದಕ್ಕೆ ಟವೆಲ್ಲು ಹಾಕುವುದನ್ನು ಎಲ್ಲಿ ಬರೆಯುವುದು ಮೇಡಂ ಎಂದು ಹುಡುಗರು ಕೇಳುತ್ತಿದ್ದರು. ತಮಾಷೆಗೆ ಕೇಳಿದ ಪ್ರಶ್ನೆಯೇ ಆದರೂ ಅರ್ಧ ಗಂಟೆ ಅದರ ಮೇಲೆ ಪಾಠ ಮಾಡಬಹುದಿತ್ತು, ಮಾಡುತ್ತಿದ್ದೆ.

ಆಗ ಯಾವ ಮಾಹಿತಿ ಎಲ್ಲಿಗೆ ಸೇರುತ್ತದೆಂದು ತೋರಿಸುವ ನಕ್ಷೆ ಬರೆಯುವುದು ಕೈಯಲ್ಲೇ. ಚೌಕಕ್ಕೆ ಸ್ಕೇಲು, ದುಂಡಗಿನದಕ್ಕೆ ಬಳೆ. ಹುಡುಗರು ಪಕ್ಕದ ಬೆಂಚಿನ ಹುಡುಗಿಯರ ಬಳೆ ಕೇಳಿ ಇಸಿದುಕೊಳ್ಳುತ್ತಿದ್ದರು. ಒಡೆದು ಹಾಕಿದವನು ಹೊಸದು ತಂದುಕೊಡಬೇಕೆಂಬ ಕಾನೂನು ಅವರವರಲ್ಲೇ ಆಗಿತ್ತು. ಈಗ ನಕ್ಷೆಯನ್ನು ಯಂತ್ರವೇ ಬರೆಯುತ್ತದೆ, ನೋಡಲು ಚೆನ್ನಾಗಿರುತ್ತದೆ. ಬಳೆಯಿಟ್ಟು ಬರೆಯುವಾಗ ತಪ್ಪಾದರೆ ಹಾಳೆ ಪೂರ್ತಿ ಮತ್ತೆ ಬರೆಯಬೇಕಿತ್ತಾದ್ದರಿಂದ ಮೊದಲೇ ಸ್ವಲ್ಪ ಯೋಚನೆ ಮಾಡುತ್ತಿದ್ದರು.

ಮೊದಲ ತಂಡದಲ್ಲಿ ಹನುಮಂತು ಎಂಬ ಹುಡುಗನಿದ್ದ. ತರಗತಿಯವರ ಹೆಸರನ್ನೆಲ್ಲ ಒಬ್ಬ ಕೂಗುವುದು, ಇನ್ನೊಬ್ಬ ಟೈಪು ಮಾಡುವುದು ಎಂದು ಹೇಳಿದ್ದೆ. ನಮ್ಮ ಕಡೆ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲವಲ್ಲ, ಕೂಗಿದವನು ಅನುಮಂತು ಎಂದ, ಟೈಪು ಮಾಡಿದವನು ಕೇಳಿದ ಹಾಗೇ ಹೊಡೆದ. ಆಮೇಲೆ ಹನುಮಂತು ತನ್ನ ಹೆಸರು ಹುಡುಕಿದರೆ ಕಂಪ್ಯೂಟರು ಅಂಥವನು ಯಾರೂ ಇಲ್ಲ ಎನ್ನುತ್ತದೆ. ಪಕ್ಕದವನು ಅವನ ಬೆನ್ನಿಗೆ ಗುದ್ದಿ, "ಲೇ, ನೀನಿನ್ನೂ ಉಟ್ಟೇ ಇಲ್ಲ ಕಣ್ಲಾ," ಎಂದ. ತರಗತಿಯೇ ನಕ್ಕಿತು. ಅವತ್ತಿನಿಂದ ಹೆಸರನ್ನು ಆಯಾ ಮನುಷ್ಯನ ಕೈಯಲ್ಲೇ ಬರೆಸಿಕೊಳ್ಳಬೇಕು ಎಂದು ಹೇಳಿಕೊಡಲು ಶುರು ಮಾಡಿದೆ. ಅಶ್ವಿನಿ, ನೀನೂ ಹಾಗೇ ಮಾಡು.

ಮುಖ್ಯಸ್ಥರ ವಿಷಯ ಹೇಳಬೇಕು. ಒಳ್ಳೆಯ ಮನುಷ್ಯರು. ಯಾರ ರಜೆಯನ್ನೂ ತಡೆದವರಲ್ಲ. ಆದರೆ ಕೊನೆಯ ವರ್ಷದ ಪ್ರಾಜೆಕ್ಟ್ ಎಂದರೆ ಬೈಂಡು ಮಾಡಿಸಿದ ಪುಸ್ತಕ ಎಂದು ಅವರ ನಂಬಿಕೆ. ಸಿದ್ಧ ಪ್ರಾಜೆಕ್ಟುಗಳು ಅಂಗಡಿಯಲ್ಲಿ ಸಿಗುತ್ತಿದ್ದವು. ಗ್ರಂಥಾಲಯ ನಿರ್ವಹಣೆ, ಆಸ್ಪತ್ರೆ ನಿರ್ವಹಣೆ, ಹೆಸರು ಬದಲಾಯಿಸಿ ತಂದುಕೊಟ್ಟರೆ ಮುಗಿಯಿತು. ಅವೇ ಗ್ರಂಥಾಲಯಗಳು ವರ್ಷ ವರ್ಷವೂ ಬರುತ್ತಿದ್ದವು. ನನ್ನ ಹತ್ತಿರ ಬರುವ ಮಕ್ಕಳು ಮಾತ್ರ ಒಂದು ಜಾಗಕ್ಕೆ ಹೋಗಿ, ನಿಂತು, ನೋಡಿ ಮಾಡಬೇಕು ಎಂದು ನಾನು ಹಟ ಹಿಡಿದಿದ್ದೆ. ಅವರು ಬೇಡವೆನ್ನಲಿಲ್ಲ. "ನಿಮ್ಮ ಮಕ್ಕಳು ಬಿಸಿಲಲ್ಲಿ ಕಪ್ಪಗಾದ್ರೆ ನನ್ನನ್ನ ಕೇಳ್ಬೇಡಿ," ಎಂದಿದ್ದರು.

ಹಾಗೆ ಬಂದವಳು ಸವಿತಾ. ಮಳವಳ್ಳಿಯಿಂದ ಒಳಗೆ ಒಂದು ಹಳ್ಳಿ, ತಂದೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಮಂಡ್ಯದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಮಳವಳ್ಳಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಜಾಗ ಖಾಲಿಯಾಗುವುದರಲ್ಲಿತ್ತು. ಪಾಸಾಗಿ ಬಾ, ಜೂನಿನಿಂದ ನೀನೇ ಪಾಠ ಮಾಡುವಿಯಂತೆ ಎಂದು ಅಲ್ಲಿನವರು ಹೇಳಿದ್ದರು. ಈ ವರ್ಷ ಪಾಸಾಗದಿದ್ದರೆ ಆ ಜಾಗ ಬೇರೆಯವರಿಗೆ. ಪಾಠ ಹೇಳಬೇಕೆಂಬುದು ಅವಳಿಗೆ ಚಿಕ್ಕಂದಿನಿಂದ ಇದ್ದ ಆಸೆ. ಉಳಿದ ಪರೀಕ್ಷೆಯೆಲ್ಲ ಚೆನ್ನಾಗಿ ಮಾಡಿದ್ದಳು. ಪ್ರಾಜೆಕ್ಟ್ ಒಂದು ಬಾಕಿ.

ಕೆರಗೋಡಿನ ಬಸ್ಸಿನಲ್ಲಿ ಹೋಗಿ ಇಳಿದು ಸ್ವಲ್ಪ ನಡೆದರೆ ಒಂದು ಊರು. ಅಲ್ಲಿನ ಹಾಲಿನ ಡೈರಿಯನ್ನು ಅವಳು ಆರಿಸಿಕೊಂಡಳು. ಸೆಕ್ರೆಟರಿ ನಂಜುಂಡಣ್ಣನವರು ಒಪ್ಪಿದರು. ಹಾಲು ಹಾಕುವ ಪ್ರತಿ ಮನೆಗೂ ಒಂದು ನಂಬರು, ಆ ನಂಬರಿಗೆ ಎಷ್ಟು ಹಾಲು ಬಂತು ಎಂದು ಅವರು ಕೈಯಲ್ಲಿ ಚೀಟಿ ಬರೆದುಕೊಡುತ್ತಿದ್ದರು. ಸವಿತಾಳ ಕೆಲಸ ಅದನ್ನು ಕಂಪ್ಯೂಟರಿಗೆ ತರುವುದು.

ಡೇಟಾಬೇಸಿನಲ್ಲಿ ಕೀ ಎಂದು ಒಂದಿರುತ್ತದೆ. ಒಬ್ಬರನ್ನು ಇನ್ನೊಬ್ಬರ ಜೊತೆ ಕಲೆಸಿಹೋಗದಂತೆ ಹಿಡಿದುಕೊಡುವ ಗುರುತು. ಹೆಸರು ಅದಕ್ಕೆ ಆಗುವುದಿಲ್ಲ, ಒಂದೇ ಊರಿನಲ್ಲಿ ನಾಲ್ಕು ಶಿವಮ್ಮ ಇರುತ್ತಾರೆ. ಸವಿತಾ ಡೈರಿ ನಂಬರನ್ನೇ ಕೀ ಮಾಡಿದಳು. ಒಂದು ನಂಬರು, ಒಬ್ಬ ಸದಸ್ಯರು. ಪುಸ್ತಕದ ಪ್ರಕಾರ ಸರಿಯಾಗಿಯೇ ಇತ್ತು. ಒಂದು ನಂಬರಿಗೆ ಒಬ್ಬರೇ ಎಂದು ವಿಚಾರಿಸಿದೆಯಾ ಎಂದು ಕೇಳಿದೆ. ಮನೆಮನೆಗೂ ಹೋಗಿ ಕೇಳಿದ್ದಳಂತೆ. ಈ ನಂಬರು ಯಾರದು ಎಂದರೆ ಎಲ್ಲರೂ ಒಬ್ಬರ ಹೆಸರನ್ನೇ ಹೇಳಿದ್ದರು. ಆಗಲಿ, ಹಾಲು ಹಾಕುವ ಹೊತ್ತಿನಲ್ಲೇ ಕೂತು ಪ್ರಯೋಗ ಮಾಡಿ ನೋಡೋಣ ಎಂದೆ. ಬೆಳಗಿನ ಪಾಳಿಗೆ ಅವಳೊಬ್ಬಳೇ ಹೋಗಿ ಬಂದಳು, ತೊಂದರೆಯಾಗಲಿಲ್ಲ. ಸಂಜೆಗೆ ನಾನೂ ಹೊರಟೆ.

ಡೈರಿ ಎಂದರೆ ಒಂದು ಕೋಣೆ, ಮುಂದೆ ಸಿಮೆಂಟಿನ ಜಗಲಿ. ಹೆಂಗಸರು ಕ್ಯಾನು, ತಂಬಿಗೆ ಹಿಡಿದು ಸಾಲು ನಿಂತಿದ್ದರು. ನಂಜುಂಡಣ್ಣ ಹಾಲು ಅಳೆದು ನಂಬರು ಹೇಳುವುದು, ಸವಿತಾ ಟೈಪು ಮಾಡುವುದು, ಪುಟ್ಟ ಯಂತ್ರದಿಂದ ಹೆಸರು ಸಮೇತ ಚೀಟಿ ಬರುವುದು. ಹೆಸರು ಬಂದದ್ದು ನೋಡಿ ಎಲ್ಲರಿಗೂ ಖುಷಿ. ಕೈಚೀಟಿಯಲ್ಲಿ ಬರೀ ನಂಬರು ಇರುತ್ತಿತ್ತು.

ಜಯಮ್ಮ ಎಂಬವರ ಸರದಿ ಬಂತು. ನಲವತ್ತರ ಹತ್ತಿರದ ಹೆಂಗಸು. ಚೀಟಿ ತೆಗೆದುಕೊಂಡವರು ಅಲ್ಲಿಂದ ಕದಲಲಿಲ್ಲ.

"ಇದ್ಯಾರ್ ಎಸ್ರವ್ವ?" ಎಂದರು.

ಹೊಂಬಾಳಮ್ಮ ಎಂದು ಇದೆ, ನಿಮ್ಮ ಅತ್ತೆಯ ಹೆಸರಲ್ವಾ, ನಂಬರು ಅವರದೇ ಅಲ್ವಾ ಎಂದು ಸವಿತಾ ಕೇಳಿದಳು.

"ನಂಬ್ರ ಅವುರ್ದೆ. ಆಲು ನಂದು."

ಹಿಂದಿನಿಂದ ಯಾರೋ, "ಜಯಮ್ಮ, ನಿಮ್ಮತ್ತೆ ಕಂಪ್ಯೂಟ್ರೊಳೀಕೂ ಬಂದ್ಬುಟ್ರು ಕಣಮ್ಮಿ," ಎಂದರು. ಸಾಲು ನಕ್ಕಿತು. ಜಯಮ್ಮ ನಗಲಿಲ್ಲ. ಅವರು ಸವಿತಾಗೆ ವಿವರವಾಗಿ ಹೇಳಿದರು: "ಮನೆ ಪಾಲಾಯ್ತು, ಒಲೆ ಎಲ್ಡಾಯ್ತು. ಇರಾ ಅಸ ಒಂದೆ. ಅದ್ನ ಎಂಗೆ ಪಾಲ್ ಮಾಡಾದು? ಒತ್ತಾರೆ ಕರ್ದಿದ್ದು ನಮ್ಮತ್ತೇದು, ಬೈಗ್ನಾಗೆ ಕರ್ದಿದ್ದು ನಂದು ಅಂತ ಮಾಡ್ಕಂಡ್ವಿ. ಇಷ್ಟ್ ದಿನ ಚೀಟೀಲಿ ಎಸ್ರೇ ಇರ್ನಿಲ್ಲ, ಸುಮ್ಕಿದ್ದೆ. ಈಗ ಎಸ್ರು ಅಂತ ಬಂದ್ಮೇಲೆ ನಂದೇ ಬರ್ಲಿ."

ಹಸುವನ್ನು ಭಾಗ ಮಾಡಲಾಗದೆ ದಿನವನ್ನು ಭಾಗ ಮಾಡಿಕೊಂಡಿದ್ದರು. ನಂಜುಂಡಣ್ಣನವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಅದು ಮನೆಯೊಳಗಿನ ವಿಚಾರ, ಡೈರಿಗೆ ನಂಬರು ನಂಬರೇ ಎಂದು ಅವರು ಎಣಿಸಿದ್ದರು. ಇಂಥ ಮನೆ ಇನ್ನೂ ಇವೆಯಾ ಎಂದು ಸವಿತಾ ಕೇಳಿದ್ದಕ್ಕೆ, ಇಲ್ಲದೆ ಏನು, ಅಣ್ಣತಮ್ಮಂದಿರೂ ಹೀಗೇ ಮಾಡಿಕೊಂಡಿದ್ದಾರೆ ಎಂದರು. ಬರುವಾಗ ಬಸ್ಸಿನಲ್ಲಿ ಅವಳು, ಜಯಮ್ಮ ವಾಪಸು ಕೊಟ್ಟಿದ್ದ ಚೀಟಿಯನ್ನು ಮಡಿಸುತ್ತ, ಬಿಚ್ಚುತ್ತ ಕೂತಿದ್ದಳು. ಅವಳ ಪ್ರಾಜೆಕ್ಟಿನ ವರದಿ ಟೈಪಾಗಿತ್ತು. ಮುಂದಿನ ವಾರ ಒಪ್ಪಿಸಬೇಕು. ಕೀ ಬದಲಾಯಿಸುವುದೆಂದರೆ ಮನೆಯ ಪಾಯ ಬದಲಾಯಿಸಿದ ಹಾಗೆ, ಮೇಲಿರುವ ಎಲ್ಲವನ್ನೂ ಬಿಚ್ಚಬೇಕು. ಗಡುವು ತಪ್ಪಿದರೆ ವರ್ಷವೂ ಹೋಯಿತು, ಮಳವಳ್ಳಿಯ ಜಾಗವೂ ಹೋಯಿತು.

ಮುಖ್ಯಸ್ಥರಿಗೆ ಮರುದಿನ ವಿಷಯ ತಿಳಿಸಿದೆ. ಅವರು ಸವಿತಾಳನ್ನು ಕರೆಸಿ ಮೆತ್ತಗೆ ಬುದ್ಧಿ ಹೇಳಿದರು. "ನೋಡಮ್ಮ, ಇರೋದನ್ನ ಬೈಂಡ್ ಮಾಡ್ಸಿ ಕೊಟ್ಬಿಡು. ಪಾಸಾಗ್ತೀಯ. ಎಕ್ಸಾಮಿನರ್ ಹಸು ನೋಡೋಕೆ ಬರ್ತಾರಾ?"

ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಹೊರಗೆ ಬಂದ ಮೇಲೆ ನಾನು ಸವಿತಾಗೆ ಎರಡೂ ದಾರಿ ಬಿಡಿಸಿ ಹೇಳಿದೆ. ಇದ್ದದ್ದನ್ನು ಕೊಟ್ಟರೆ ನಾನು ತಡೆಯುವುದಿಲ್ಲ, ಬದಲಾಯಿಸುತ್ತೇನೆ ಎಂದರೆ ಜೊತೆಗೆ ಕೂರುತ್ತೇನೆ, ತೀರ್ಮಾನ ಮಾತ್ರ ನಿನ್ನದು ಎಂದೆ. ಅವಳು ಗೋಡೆ ನೋಡಿಕೊಂಡು ಹೇಳಿದಳು.

"ತಪ್ಪು ಅಂತ ಗೊತ್ತಾದ್ಮೇಲೆ ಎಂಗ್ ಮೇಡಂ ಬೈಂಡ್ ಮಾಡ್ಸಾದು? ನಾಳಿಕ್ ನಾನು ಪಾಠಕ್ಕೆ ನಿಂತ್ಕಂಡಾಗ ಇದೇ ನೆಪ್ಪಾಯ್ತದೆ."

ಸರಿ, ಶುರು ಮಾಡಿದೆವು. ಅವಳು ಮೊದಲು ಮಾಡಿದ್ದು ನಂಬರಿನ ಜೊತೆಗೆ ಹೊತ್ತನ್ನೂ ಸೇರಿಸಿ ಎರಡನ್ನೂ ಕೂಡಿಸಿ ಕೀ ಮಾಡಿದ್ದು. ಬೆಳಿಗ್ಗೆ ಎಂದರೆ ಹೊಂಬಾಳಮ್ಮ, ಸಂಜೆ ಎಂದರೆ ಜಯಮ್ಮ. ಅಚ್ಚುಕಟ್ಟಾಗಿತ್ತು. ಮತ್ತೆ ಊರಿಗೆ ಹೋಗಿ ಮನೆಮನೆಯಲ್ಲಿ ಪ್ರಶ್ನೆ ಬದಲಾಯಿಸಿ ಕೇಳಿದಳು. ನಂಬರು ಯಾರದು ಎನ್ನುವುದನ್ನು ಬಿಟ್ಟು, ಈ ಹೊತ್ತಿನ ಹಾಲು ಯಾರದು ಎಂದಳು. ಈಗ ಬಂದ ಉತ್ತರಗಳೇ ಬೇರೆ. ಒಬ್ಬರ ಮನೆಯಲ್ಲಿ ಬಾಣಂತನಕ್ಕೆ ಬಂದ ಮಗಳಿಗೆ ಸಂಜೆಯ ಹಾಲು, ಅವಳು ಗಂಡನ ಮನೆಗೆ ಹೋದ ಮೇಲೆ ಮತ್ತೆ ತಾಯಿಗೆ. ಅಣ್ಣತಮ್ಮಂದಿರಿದ್ದ ಇನ್ನೊಂದು ಮನೆಯಲ್ಲಿ ನಾಟಿ ಕಾಲದಲ್ಲಿ ಹೊತ್ತು ಅದಲುಬದಲು.

ಕೊನೆಗೆ ಜಯಮ್ಮನ ಮನೆಯಲ್ಲೇ ಹೊಸದೊಂದು ಎದ್ದಿತು. ಜಯಮ್ಮ ತವರಿಗೆ ಹೋದ ದಿನ ಸಂಜೆಯೂ ಹೊಂಬಾಳಮ್ಮನೇ ಕರೆದು ಹಾಕುತ್ತಾರೆ. ಆ ಹಾಲು ಯಾರದು? ಸವಿತಾ ಇದನ್ನು ಕೇಳಿದಾಗ ನಾನೂ ಅಲ್ಲೇ ಇದ್ದೆ. ಅತ್ತೆ ನನ್ನದು ಎಂದರು, ಸೊಸೆ ನನ್ನದು ಎಂದರು. ಇಬ್ಬರೂ ಇಷ್ಟು ವರ್ಷ ಅದನ್ನು ಒಬ್ಬರಿಗೊಬ್ಬರು ಕೇಳಿಕೊಂಡೇ ಇರಲಿಲ್ಲ.

"ನಾನ್ ಬಗ್ಗಿ ಕರ್ದಿವ್ನಿ, ಇವಳ್ದ್ ಎಂಗಾಯ್ತದೆ?" ಎಂದು ಹೊಂಬಾಳಮ್ಮ ನನ್ನನ್ನೇ ನ್ಯಾಯ ಕೇಳಿದರು. ಎಪ್ಪತ್ತು ದಾಟಿದ ಗಟ್ಟಿ ಜೀವ.

"ಬೈಗು ಅಂದ್ರೆ ಬೈಗೇಯ. ನಾನ್ ಸತ್ತೋಗಿದ್ನಾ?" ಎಂದರು ಜಯಮ್ಮ.

ನ್ಯಾಯ ಹೇಳುವುದು ನಮ್ಮ ಕೆಲಸವಲ್ಲ, ನೀವು ಮಾಡಿಕೊಂಡದ್ದನ್ನು ನಾವು ಬರೆದುಕೊಳ್ಳುತ್ತೇವೆ, ಮಾಡಿಕೊಳ್ಳದಿದ್ದರೆ ಬರೆಯುವುದಕ್ಕೆ ಬರುವುದಿಲ್ಲ ಎಂದು ಸವಿತಾ ನಿಧಾನವಾಗಿ ಹೇಳಿದಳು. ಅತ್ತೆ ಸೊಸೆ ತುಸು ಹೊತ್ತು ಏರುಮಾತಿನಲ್ಲೇ ಹೇಳಿಕೊಂಡು, ಕೊನೆಗೆ ಕರೆದವರದೇ ಹಾಲು ಎಂದು ಇಬ್ಬರೂ ಒಪ್ಪಿದರು. ಒಪ್ಪಿದ್ದು ಸೋತದ್ದಲ್ಲ ಎಂದು ತೋರಿಸುವುದಕ್ಕೆ ಜಯಮ್ಮ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟರು.

ಹಾಗಾಗಿ ನಂಬರು, ಹೊತ್ತು ಎರಡನ್ನೇ ನೆಚ್ಚಿಕೊಂಡ ನಕ್ಷೆಯೂ ಬಿತ್ತು. ಸವಿತಾ ಅದನ್ನೂ ಹರಿದಳು. ಮೂರನೆಯ ಸಲ ಮನುಷ್ಯರದ್ದೇ ಒಂದು ಕೋಷ್ಟಕ, ನಂಬರುಗಳದ್ದೇ ಒಂದು ಕೋಷ್ಟಕ, ನಡುವೆ ಪಾಲು ಎಂದು ಇನ್ನೊಂದು. ಯಾವ ನಂಬರಿನ ಯಾವ ಹೊತ್ತಿನ ಹಾಲು, ಎಂದಿನಿಂದ ಎಂದಿನವರೆಗೆ, ಯಾರದು. ಹೇಳಿದರೆ ಇಷ್ಟೇ. ಆ ವಾರ ಅವಳು ಹಾಸ್ಟೆಲಿನಲ್ಲಿ ಊಟದ ಗಂಟೆ ಮರೆತು ಟೈಪು ಮಾಡಿದಳು. ನಾನು ನಮ್ಮ ಮನೆಯಿಂದ ಡಬ್ಬಿ ಕಳಿಸುತ್ತಿದ್ದೆ, ಡಬ್ಬಿ ಅರ್ಧ ತುಂಬಿಕೊಂಡೇ ವಾಪಸು ಬರುತ್ತಿತ್ತು. ಗಡುವಿನ ದಿನ ಒಪ್ಪಿಸಿದ ವರದಿಯ ಬೈಂಡಿನ ಅಂಟು ಇನ್ನೂ ಹಸಿಯಾಗಿತ್ತು. ಮುಖ್ಯಸ್ಥರು ಬೆರಳಿಗೆ ಅಂಟಿದ್ದನ್ನು ಒರೆಸಿಕೊಳ್ಳುತ್ತ ಸಹಿ ಮಾಡಿದರು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಮಾತು ಕಡಿಮೆಯವರು. ನಾಲ್ಕಾರು ಗ್ರಂಥಾಲಯಗಳನ್ನು ನೋಡಿ ದಣಿದಿದ್ದರು. ಸವಿತಾಳ ನಕ್ಷೆ ತೆರೆದು ಪೆನ್ನಿನ ತುದಿಯನ್ನು ಅದರ ಮೇಲಿಟ್ಟರು.

"ಸದಸ್ಯರಿಗೆ ನಂಬರ್ ಇದೆಯಲ್ಲ. ಅದನ್ನೇ ಕೀ ಮಾಡಿದ್ರೆ ಒಂದು ಕೋಷ್ಟಕದಲ್ಲಿ ಮುಗೀತಿತ್ತು. ಮೂರು ಯಾಕೆ? ಇದು ತಪ್ಪು."

ಸವಿತಾ ಇಂಗ್ಲಿಷಿನಲ್ಲಿ ಉತ್ತರ ಕಲಿತುಕೊಂಡು ಬಂದಿದ್ದಳು. ನಾನು ಬಾಯಿ ಬಿಡುವ ಹಾಗಿರಲಿಲ್ಲ, ಗೈಡಾದವರು ಮಾತಾಡಬಾರದು. ಅವಳು ಆ ಇಂಗ್ಲಿಷನ್ನು ಬಿಟ್ಟು ಊರ ಮಾತಿನಲ್ಲೇ ಶುರು ಮಾಡಿದಳು.

"ಸಾರ್, ಅಸ ಒಂದೆ, ನಂಬ್ರನೂ ಒಂದೆ. ಒತ್ತಾರೆ ಆಲು ಅತ್ತೇದು, ಬೈಗ್ನಾಲು ಸೊಸೇದು. ನಂಬ್ರನೇ ಕೀ ಮಾಡುದ್ರೆ ಸೊಸೆ ಅನ್ನೋಳು ಇಲ್ವೇ ಇಲ್ಲ ಅಂತಾಯ್ತದೆ. ಆದ್ರೆ ಅವಳು ದಿನಾ ಬತ್ತಾವ್ಳೆ ಸಾರ್, ಕ್ಯಾನ್ ಇಡ್ಕಂಡು."

ಪರೀಕ್ಷಕರು ಪೆನ್ನು ಎತ್ತಿದರು. ಮತ್ತೆ ನಕ್ಷೆ ನೋಡಿದರು. ಅತ್ತೆ ತೀರಿಕೊಂಡರೆ ಏನು ಮಾಡುತ್ತೀಯ ಎಂದು ಕೇಳಿದರು.

"ಅವುರ್ ಪಾಲಿಗೆ ಕೊನೆ ತಾರೀಕು ಆಕ್ತೀನಿ ಸಾರ್. ಅಳಿಸಾಕಿಲ್ಲ. ಅವುರ್ ಆಕಿದ್ ಆಲು ಅವುರ್ ಎಸ್ರಲ್ಲೇ ಇರ್ತದೆ."

ಹಸುವನ್ನೇ ಮಾರಿಬಿಟ್ಟರೆ? ಅದನ್ನು ಯೋಚಿಸಿಲ್ಲ ಸಾರ್, ಹೋಗಿ ಕೇಳಬೇಕು ಎಂದಳು. ಅವರು ಏನೋ ಬರೆದುಕೊಂಡರು. ಮೊದಲ ಪುಟಕ್ಕೆ ಸಹಿ ಹಾಕಿ, ಅಂಕದ ಹಾಳೆಯನ್ನು ಮುಖ್ಯಸ್ಥರ ಕಡೆ ಸರಿಸಿದರು. ಮುಖ್ಯಸ್ಥರು ಅದನ್ನು ನೋಡಿ, ನನ್ನ ಕಡೆ ತಿರುಗಿ ಕತ್ತು ಆಡಿಸಿದರು. ಪಾಸು. ಅಂಕ ತೀರಾ ಹೆಚ್ಚೇನಲ್ಲ. ಅಂಗಡಿಯ ಗ್ರಂಥಾಲಯ ತಂದ ಹುಡುಗನಿಗೆ ಅವಳಿಗಿಂತ ಜಾಸ್ತಿ ಬಂದಿತ್ತು. ಅಶ್ವಿನಿ, ಇದನ್ನೂ ತಿಳಿದಿರಲಿ ಎಂದು ಬರೆದೆ. ಅಂಕ ಹಾಗೇ ಬರುತ್ತದೆ, ಆದರೂ ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಬೇಡ.

ಸವಿತಾ ಹೊರಗೆ ಬಂದು ಮೊದಲು ಅವರ ಅಪ್ಪನಿಗೆ ಫೋನು ಮಾಡಿದಳು, ಆಮೇಲೆ ಮಳವಳ್ಳಿಯ ಕಾಲೇಜಿಗೆ. ಎರಡನೆಯ ಫೋನಿನಲ್ಲಿ ಬರೀ ಸರಿ ಸಾರ್, ಸರಿ ಸಾರ್ ಎನ್ನುತ್ತಿದ್ದಳು. ಫೋನು ಇಟ್ಟು, "ಜೂನ್ ಒಂದನೇ ತಾರೀಕು ಬಾ ಅಂದ್ರು ಮೇಡಂ," ಎಂದಳು. ಆಮೇಲೆ ಜಯಮ್ಮನಿಗೆ ಹೇಳಿ ಬರೋಣ ಎಂದಳು. ಏನೇ ಆಗಲಿ ಬಂದು ಹೇಳಿಹೋಗಬೇಕು ಎಂದು ಅವರು ಮಾತು ತೆಗೆದುಕೊಂಡಿದ್ದರಂತೆ. ಸಂಜೆಯ ಬಸ್ಸಿಗೆ ಹೋದೆವು. ಡೈರಿಯ ಹತ್ತಿರ ಹೊಸ ಪ್ರೋಗ್ರಾಮಿನಿಂದ ಜಯಮ್ಮನ ಹೆಸರಿನ ಚೀಟಿ ಬಂತು. ಅವರು ಅದನ್ನು ಓದಿ, ಕುಪ್ಪಸದೊಳಗೆ ಇಟ್ಟುಕೊಂಡು, ಊಟ ಮಾಡದೆ ಹೋಗುವ ಹಾಗಿಲ್ಲ ಎಂದರು. ಊಟಕ್ಕೆ ಕೂತರೆ ವಾಪಸು ಬಸ್ಸು ತಪ್ಪುತ್ತದೆ ಎಂದು ಗೊತ್ತಿತ್ತು. ಕೂತೆವು. ನಮ್ಮ ಮನೆಯವರಿಗೆ ಫೋನು ಮಾಡಿ ನಾಳೆ ಬರುತ್ತೇನೆ ಎಂದೆ.

ಮುದ್ದೆ ಹೊಂಬಾಳಮ್ಮನ ಒಲೆಯದು. ಹುರುಳಿಕಾಳಿನ ಬಸ್ಸಾರು, ಪಲ್ಯ ಜಯಮ್ಮನ ಒಲೆಯದು. ಸಾರಿಗೆ ಉಪ್ಪು ಸಾಲದು ಎಂದು ಅತ್ತೆ ಹೇಳಿದರು, ಮುದ್ದೆಯಲ್ಲಿ ಗಂಟಿದೆ ಎಂದು ಸೊಸೆ ಹೇಳಿದರು. ಎರಡೂ ನಿಜ. ಸವಿತಾ ಎರಡು ಮುದ್ದೆ ಉಂಡಳು, ಮಜ್ಜಿಗೆ ಅನ್ನ ಹಾಕಿಸಿಕೊಂಡಳು, ಕೈ ತೊಳೆದು ಬಂದು ಕಂಬಕ್ಕೆ ಒರಗಿ ಕೂತಳು.

ಹೊಂಬಾಳಮ್ಮ ಎಲೆಯಡಿಕೆ ಹಾಕಿಕೊಳ್ಳುತ್ತ ಅವಳನ್ನು ಕೇಳಿದರು: "ಅಲ್ಲಾ ಕಣವ್ವ, ಅದ್ರೊಳಗೆ ನನ್ನೆಸ್ರು ಮೊದ್ಲೋ, ಇವಳ್ದು ಮೊದ್ಲೋ?"

ತಿರುಗಿ ನೋಡಿದರೆ ಸವಿತಾ ಕೂತಲ್ಲೇ ನಿದ್ದೆ ಹೋಗಿದ್ದಳು, ಫೋನು ಕೈಯಲ್ಲೇ ಇತ್ತು. ಬೆಳಗ್ಗೆ ಮೊದಲು ಬರುತ್ತದಲ್ಲವಾ, ನಿಮ್ಮದೇ ಮೊದಲು ಎಂದು ನಾನೇ ಹೇಳಿದೆ. ಹೊಂಬಾಳಮ್ಮ ಸೊಸೆಯ ಕಡೆ ಒಮ್ಮೆ ನೋಡಿ, ಹುಡುಗಿಯನ್ನು ಮೆಲ್ಲಗೆ ಮಲಗಿಸಿ ತಲೆಯಡಿಗೆ ದಿಂಬು ಕೊಟ್ಟು, ತಮ್ಮ ಚಾಪೆ ಬಿಡಿಸಿಕೊಂಡು ಮಲಗಿದರು. ನಾನೂ ಜಯಮ್ಮನೂ ಪಾತ್ರೆ ತೊಳೆದಿಟ್ಟು ಕೊನೆಗೆ ಮಲಗಿದೆವು.